ದನಿಯ ಹದ

ಬರೆದ ಪಠ್ಯವನ್ನು ಯಂತ್ರವೇ ಓದಿ ಹೇಳುವ ವಿದ್ಯೆಗೆ ವಾಕ್ ಸಂಶ್ಲೇಷಣೆ ಎಂದು ಹೆಸರು. ಕಡತದಲ್ಲಿರುವ ಅಕ್ಷರಗಳನ್ನು ಉಚ್ಚಾರಣೆಯ ಘಟಕಗಳಾಗಿ ಒಡೆದು, ಆ ಘಟಕಗಳಿಗೆ ಕಾಲಮಾನ, ಸ್ಥಾಯಿ, ಒತ್ತುಗಳನ್ನು ನಿಗದಿ ಮಾಡಿ, ಕೊನೆಗೆ ಅವನ್ನು ಕಿವಿಗೆ ಕೇಳುವ ಅಲೆಯಾಗಿ ಹೊರಬಿಡುವ ತಂತ್ರಾಂಶವೇ ವಾಕ್ ಸಂಶ್ಲೇಷಕ. ಕಣ್ಣಿನ ದೃಷ್ಟಿ ಚೆನ್ನಾಗಿರುವವರಿಗೆ ಇದೊಂದು ಅನುಕೂಲ ಮಾತ್ರ. ದೃಷ್ಟಿ ಇಲ್ಲದವರಿಗೆ ಇದಿಲ್ಲದೆ ಗಣಕವೇ ಇಲ್ಲ. ಆದಕಾರಣ ಇದರ ಗುಣದೋಷಗಳನ್ನು ತೂಗುವಾಗ ದನಿ ಎಷ್ಟು ಇಂಪಾಗಿದೆ ಎಂಬ ಪ್ರಶ್ನೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಕೇಳುವವರು ಆ ದನಿಯನ್ನು ತಮಗೆ ಬೇಕಾದ ಹದಕ್ಕೆ ತಂದುಕೊಳ್ಳಬಲ್ಲರೇ ಎಂಬ ಪ್ರಶ್ನೆಯನ್ನು ಮೊದಲು ಕೇಳುವುದು ನ್ಯಾಯ.

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ಹೋಬಳಿ ಕೇಂದ್ರವಾಗಿರುವ ಬಿಳಿಚೋಡು ಮಳೆಯನ್ನೇ ನೆಚ್ಚಿದ ಸೀಮೆಯ ಊರು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಈ ಭಾಗದಲ್ಲಿ ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ರಾಗಿಗಳ ಬೇಸಾಯ ಮುಗಿಲನ್ನು ನೋಡಿಕೊಂಡೇ ನಡೆಯುತ್ತದೆ. ತುಂಗಭದ್ರೆಯ ದಂಡೆಯ ಹೊನ್ನಾಳಿಯದಾಗಲಿ, ಸೂಳೆಕೆರೆಯ ನೆರೆಯ ಚನ್ನಗಿರಿಯದಾಗಲಿ ಅಡಿಕೆ-ಭತ್ತದ ಸಮೃದ್ಧಿ ಇಲ್ಲಿಗೆ ಬಂದಿಲ್ಲ. ಇಂಥ ಊರಿನ ಒಬ್ಬ ಅಂಧ ವಿದ್ಯಾರ್ಥಿಗೋ, ಕಣ್ಣು ಮಂಜಾದ ನಿವೃತ್ತ ಶಿಕ್ಷಕರಿಗೋ ಮಾತನಾಡುವ ಗಣಕವೊಂದು ಬೇಕಾಯಿತೆಂದರೆ ಅದರ ಜೊತೆಗೇ ಕೆಲವು ಕರಾರುಗಳೂ ಬರುತ್ತವೆ: ತಂತ್ರಾಂಶಕ್ಕೆ ಹಣ ತೆರಬೇಕಾಗಬಾರದು, ಹತ್ತು ವರ್ಷ ಹಳೆಯ ಗಣಕದ ಮೇಲೂ ಅದು ತಡವರಿಸದೆ ನಡೆಯಬೇಕು, ಅಂತರಜಾಲ ಇಲ್ಲದ ಹೊತ್ತಿನಲ್ಲೂ ಮಾತು ನಿಲ್ಲಬಾರದು, ಮತ್ತು ಅದು ಕನ್ನಡ ಓದಬೇಕು. ಇವಿಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಎಲ್ಲರೂ ಮರೆಯುವ ಕರಾರು ಇನ್ನೊಂದಿದೆ. ಅದು ದನಿಯನ್ನು ತಿದ್ದಿಕೊಳ್ಳುವ ಸ್ವಾತಂತ್ರ್ಯ.

ಈ ಕರಾರುಗಳು ಸಹಜವಾಗಿಯೇ ಲಿನಕ್ಸ್ ಕಡೆಗೆ ಕರೆದೊಯ್ಯುತ್ತವೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ ತಿರುಳಿನ ಸುತ್ತ ಬೆಳೆದ ಈ ಕಾರ್ಯಾಚರಣ ವ್ಯವಸ್ಥೆ ಮುಕ್ತ ತಂತ್ರಾಂಶಗಳ ಸಾಲಿಗೆ ಸೇರಿದ್ದು; ಅಂದರೆ ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ನಕಲು ಮಾಡಿಕೊಳ್ಳಬಹುದು, ತಿದ್ದಬಹುದು, ತಿದ್ದಿದ್ದನ್ನು ಇತರರಿಗೆ ಹಂಚಬಹುದು. ಕರ್ನಾಟಕದ ಶಾಲೆಗಳಿಗೆ ಇದು ಅಪರಿಚಿತವಲ್ಲ, ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ನಡೆದ ಗಣಕ ತರಬೇತಿಗಳಲ್ಲಿ ಉಬುಂಟು ಎಂಬ ಲಿನಕ್ಸ್ ವಿತರಣೆ ಬಳಕೆಯಾಗಿದೆ. ವಾಣಿಜ್ಯ ತೆರೆವಾಚಕಗಳ, ಅಂದರೆ ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ತಂತ್ರಾಂಶಗಳ ಬೆಲೆ ಗಣಕದ ಬೆಲೆಯನ್ನೇ ಮೀರುವುದುಂಟು. ಲಿನಕ್ಸಿನಲ್ಲಿ ಆರ್ಕಾ ಎಂಬ ತೆರೆವಾಚಕ ವ್ಯವಸ್ಥೆಯ ಜೊತೆಗೇ ಬಂದಿರುತ್ತದೆ, ಉಬುಂಟುವಿನಲ್ಲಿ ಆಲ್ಟ್, ಸೂಪರ್, ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ಮಾತಿಗೆ ತೊಡಗುತ್ತದೆ.

ಆದರೆ ಆರ್ಕಾಕ್ಕೆ ಸ್ವಂತ ಕಂಠವಿಲ್ಲ. ಅದು ಏನು ಹೇಳಬೇಕೆಂದು ನಿರ್ಧರಿಸುತ್ತದೆ. ಆ ಮಾತನ್ನು ಸ್ಪೀಚ್ ಡಿಸ್ಪ್ಯಾಚರ್ ಎಂಬ ಮಧ್ಯವರ್ತಿ ತಂತ್ರಾಂಶ ಪಡೆದು, ಗಣಕದಲ್ಲಿರುವ ಯಾವುದಾದರೊಂದು ಸಂಶ್ಲೇಷಕಕ್ಕೆ ಒಪ್ಪಿಸುತ್ತದೆ. ದನಿ ಹೊರಡುವುದು ಅಲ್ಲಿಂದ. ಈ ಮೂರು ಹಂತಗಳ ವಿಂಗಡಣೆಯನ್ನು ಅರಿಯದೆ ಹೋದವರು ದನಿ ಸರಿಯಿಲ್ಲವೆಂದು ತೆರೆವಾಚಕವನ್ನೇ ದೂರುವುದು ಸಾಮಾನ್ಯ. ಅರಿತವರಿಗೆ ಇದೇ ವಿಂಗಡಣೆ ಒಂದು ಅನುಕೂಲವಾಗುತ್ತದೆ, ಏಕೆಂದರೆ ತೆರೆವಾಚಕವನ್ನು ಹಾಗೆಯೇ ಉಳಿಸಿಕೊಂಡು ಅದರ ಹಿಂದಿನ ಕಂಠವನ್ನು ಮಾತ್ರ ಬದಲಿಸಿಕೊಳ್ಳಬಹುದು.

ಲಿನಕ್ಸಿನಲ್ಲಿ ಕನ್ನಡ ಓದುವ ಕಂಠಗಳ ಪೈಕಿ ಹೆಚ್ಚು ಹಗುರವಾದದ್ದೂ ಹೆಚ್ಚು ತಿದ್ದುಪಡಿಗೆ ಒಗ್ಗುವಂಥದ್ದೂ ಇಸ್ಪೀಕ್. ಜೊನಾಥನ್ ಡಡಿಂಗ್ಟನ್ ಎಂಬ ಆಂಗ್ಲ ತಂತ್ರಜ್ಞರು 1995ರಲ್ಲಿ ಏಕಾರ್ನ್ ಗಣಕಗಳಿಗಾಗಿ ಬರೆದ ಪುಟ್ಟ ತಂತ್ರಾಂಶ 2006ರಲ್ಲಿ ಲಿನಕ್ಸಿಗೆ ಬಂದು, 2015ರಲ್ಲಿ ರೀಸ್ ಡನ್ ಅವರ ಮುಂದಾಳ್ತನದಲ್ಲಿ ಇಸ್ಪೀಕ್ ಎನ್‌ಜಿ ಎಂಬ ಹೊಸ ಕವಲಾಗಿ ಮುಂದುವರಿಯಿತು. ಇಂದು ನೂರಕ್ಕೂ ಹೆಚ್ಚು ಭಾಷೆಗಳನ್ನು ಅದು ಓದುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ಇಷ್ಟೆಲ್ಲ ಭಾಷೆಗಳನ್ನು ಒಳಗೊಂಡೂ ಅದು ಕೆಲವೇ ಮೆಗಾಬೈಟುಗಳಲ್ಲಿ ಮುಗಿಯುತ್ತದೆ. ಪಟ್ಟಣಕ್ಕೆ ಹೋದವರು ಪೆನ್‌ಡ್ರೈವಿನಲ್ಲಿ ತಂದುಕೊಟ್ಟರೂ ಸಾಕು, ಆಮೇಲೆ ಅಂತರಜಾಲದ ಹಂಗಿಲ್ಲ. ವಿಂಡೋಸ್ ಬಳಸುವ ದೃಷ್ಟಿಹೀನರಲ್ಲಿ ಜನಪ್ರಿಯವಾದ ಎನ್‌ವಿಡಿಎ ತೆರೆವಾಚಕದೊಳಗೂ ಇದೇ ಕಂಠ ಕುಳಿತಿದೆ.

ಅದು ಇಷ್ಟು ಚಿಕ್ಕದಾಗಿರಲು ಕಾರಣವಿದೆ. ಮನುಷ್ಯರ ಧ್ವನಿಮುದ್ರಣದ ಒಂದು ತುಣುಕನ್ನಾದರೂ ಅದು ಸ್ವರಗಳಿಗಾಗಿ ಕೂಡಿಟ್ಟುಕೊಂಡಿಲ್ಲ. ಲೆಕ್ಕ ಹಾಕಿ ದನಿಯನ್ನು ಹುಟ್ಟಿಸುತ್ತದೆ. ಗಂಟಲಿನ ತಂತುಗಳು ಕಂಪಿಸಿದಾಗ ಹುಟ್ಟುವ ನಾದ ಬಾಯಿಯ ಪೊಳ್ಳಿನೊಳಗೆ ಹಾದು ಬರುವಾಗ ಕೆಲವು ಆವೃತ್ತಿಗಳಲ್ಲಿ ಬಲಗೊಳ್ಳುತ್ತದೆ, ಈ ಬಲಗೊಂಡ ಆವೃತ್ತಿಗಳಿಗೆ ಧ್ವನಿವಿಜ್ಞಾನದಲ್ಲಿ ಫಾರ್ಮೆಂಟ್ ಎನ್ನುತ್ತಾರೆ. ನಾಲಿಗೆ, ತುಟಿ, ದವಡೆಗಳು ಸರಿದಂತೆ ಅವೂ ಸರಿಯುತ್ತವೆ. ಆಕಾರವನ್ನು ಉಚ್ಚರಿಸುವಾಗ ಮೊದಲ ಎರಡು ಫಾರ್ಮೆಂಟುಗಳು ಹತ್ತಿರ ಹತ್ತಿರ ಇರುತ್ತವೆ, ಈಕಾರಕ್ಕೆ ಬಾಯಿ ಹೊರಳಿದಾಗ ಮೊದಲನೆಯದು ಕೆಳಗಿಳಿದು ಎರಡನೆಯದು ಎರಡು ಸಾವಿರ ಹರ್ಟ್ಜ್‌ಗಿಂತ ಮೇಲಕ್ಕೇರುತ್ತದೆ; ಕಿವಿ ಸ್ವರಗಳನ್ನು ಗುರುತಿಸುವುದು ಮುಖ್ಯವಾಗಿ ಈ ಅಂತರದಿಂದ. ಅಮೆರಿಕದ ಡೆನಿಸ್ ಕ್ಲಾಟ್ 1980ರಲ್ಲಿ ಪ್ರಕಟಿಸಿದ ಸಂಶ್ಲೇಷಕದ ವಿನ್ಯಾಸ ಈ ಮಾರ್ಗವನ್ನು ಗಟ್ಟಿಗೊಳಿಸಿತು. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ಯಂತ್ರದನಿ ಕ್ಲಾಟ್ ಅವರ ಕಂಠದಿಂದಲೇ ರೂಪುಗೊಂಡದ್ದು. ಮುಂದೆ ಹೆಚ್ಚು ಸಹಜವಾದ ದನಿಗಳು ಬಂದಾಗಲೂ ಹಾಕಿಂಗ್ ಅದನ್ನು ಬಿಟ್ಟುಕೊಡಲಿಲ್ಲ, ಅದನ್ನೇ ತಮ್ಮ ದನಿಯೆಂದು ಬಗೆದಿದ್ದರು.

ಲೆಕ್ಕದಿಂದ ಹುಟ್ಟಿದ ದನಿಗೆ ಲೋಹದ ಸದ್ದಿನ ಛಾಯೆ ಇರುತ್ತದೆ, ಅದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ಲೆಕ್ಕದಿಂದ ಹುಟ್ಟಿದ್ದನ್ನು ಲೆಕ್ಕದಿಂದಲೇ ತಿದ್ದಬಹುದು. ಇಸ್ಪೀಕಿನಲ್ಲಿ ವೇಗವನ್ನು ನಿಮಿಷಕ್ಕೆ ಇಷ್ಟು ಪದಗಳೆಂದು ಹೇಳಬೇಕು, ಏನನ್ನೂ ಹೇಳದಿದ್ದರೆ ಅದು 175 ಎಂದು ಹಿಡಿಯುತ್ತದೆ, 80ಕ್ಕೆ ಇಳಿಸಬಹುದು, 400 ದಾಟಿಸಬಹುದು. ಸ್ಥಾಯಿಯನ್ನು 0ಯಿಂದ 99ರವರೆಗೆ, ದನಿಯ ಗಾತ್ರವನ್ನು 0ಯಿಂದ 200ರವರೆಗೆ ಏರಿಳಿಸಬಹುದು. ಎರಡು ಪದಗಳ ನಡುವಿನ ಮೌನವನ್ನು ಸೆಕೆಂಡಿನ ನೂರನೆಯ ಒಂದು ಭಾಗದ ಅಳತೆಯಲ್ಲಿ ಹಿಗ್ಗಿಸಬಹುದು. ಇವೆಲ್ಲ ಹೊರಗಿನ ಹಿಡಿಕೆಗಳು. ಒಳಕ್ಕಿಳಿದರೆ ಪ್ರತಿಯೊಂದು ಕಂಠಕ್ಕೂ ಒಂದು ಸಾದಾ ಪಠ್ಯ ಕಡತವಿದೆ, ಅದರಲ್ಲಿ ಒಂದೊಂದು ಫಾರ್ಮೆಂಟಿನ ಆವೃತ್ತಿ, ಬಲ, ಅಗಲಗಳು, ಉಸಿರಿನ ಪಾಲು, ದನಿಯ ಒರಟು, ಕಂಪನ, ಪ್ರತಿಧ್ವನಿ ಎಲ್ಲವೂ ಸಾಲು ಸಾಲಾಗಿ ಅಂಕಿಗಳಲ್ಲಿ ಬರೆದಿರುತ್ತವೆ. ಗಂಡು ದನಿಗಳು, ಹೆಣ್ಣು ದನಿಗಳು, ಪಿಸುದನಿ, ಗೊಗ್ಗರು ದನಿ ಎಲ್ಲ ಈ ಅಂಕಿಗಳ ಬದಲಾವಣೆಯಿಂದಲೇ ಬಂದವು. ಸಾಲುಗಳ ನಡುವೆ ಶೇಂಗಾಕ್ಕೆ ಒಂದು ಅಂತರ, ಜೋಳಕ್ಕೆ ಇನ್ನೊಂದು ಅಂತರ ಎಂದು ಕೂರಿಗೆಯ ತಾಳುಗಳನ್ನು ಹೊಂದಿಸಿಕೊಳ್ಳುವ ರೈತನಿಗೆ ಈ ಕಡತದ ಮರ್ಮ ಬೇಗ ತಿಳಿದೀತು: ಉಪಕರಣ ಒಂದೇ, ಹೊಲಕ್ಕೂ ಬೀಜಕ್ಕೂ ತಕ್ಕಂತೆ ಅದರ ಹೊಂದಾಣಿಕೆ ಬೇರೆ.

ಕೇಳುಗರ ವ್ಯತ್ಯಾಸ ಸಣ್ಣದಲ್ಲ. ವರ್ಷಗಟ್ಟಲೆ ತೆರೆವಾಚಕ ಬಳಸಿ ಪಳಗಿದ ದೃಷ್ಟಿಹೀನರು ಸಾಮಾನ್ಯ ಮಾತಿನ ಎರಡು ಮೂರು ಪಟ್ಟು ವೇಗದಲ್ಲಿ ಕೇಳಿಸಿಕೊಳ್ಳುತ್ತಾರೆ, ಹೊಸಬರಿಗೆ ಅದು ಬರಿಯ ಗುಜುಗುಜು. ಅಷ್ಟು ವೇಗದಲ್ಲಿ ಇಂಪಾದ ಮುದ್ರಿತ ದನಿಗಳು ಒಂದರೊಳಗೊಂದು ಕಲಸಿಹೋಗುತ್ತವೆ, ಫಾರ್ಮೆಂಟ್ ದನಿಯ ಅಂಚುಗಳು ಚೂಪಾಗಿಯೇ ಉಳಿಯುತ್ತವೆ. ಹೊಸದಾಗಿ ದೃಷ್ಟಿ ಕಳೆದುಕೊಂಡ ಹಿರಿಯರಿಗೆ ಇದರ ವಿರುದ್ಧವೇ ಬೇಕು, ಕಿವಿಯೂ ಮಂದವಾಗಿರುವ ವಯಸ್ಸಿನಲ್ಲಿ ವೇಗ ಇಳಿದಿರಬೇಕು, ಪದಗಳ ನಡುವಿನ ಬಿಡುವು ಹಿಗ್ಗಿರಬೇಕು. ಶಾಲೆಯ ಹುಡುಗಿ ಪಾಠವನ್ನು ಒಮ್ಮೆ ಓಡಿಸಿ ಕೇಳಿ, ಕಠಿಣವಾದ ಭಾಗವನ್ನು ಮತ್ತೆ ನಿಧಾನಿಸಿ ಕೇಳಬಯಸುತ್ತಾಳೆ. ಒಂದೇ ದನಿಯನ್ನು, ಅದೆಷ್ಟೇ ಮಧುರವಾಗಿರಲಿ, ಈ ಮೂವರ ಮೇಲೂ ಹೇರುವುದು ಅನ್ಯಾಯವಾಗುತ್ತದೆ.

ಕನ್ನಡಕ್ಕೆ ಬಂದಾಗ ವೇಗದ ಅಳತೆಯೇ ಎಚ್ಚರ ಬೇಡುತ್ತದೆ. ನಿಮಿಷಕ್ಕೆ ಇಷ್ಟು ಪದಗಳೆಂಬ ಮಾನ ಇಂಗ್ಲಿಷಿನ ಗಿಡ್ಡ ಪದಗಳನ್ನು ನೋಡಿ ಮಾಡಿದ್ದು. ಇಂಗ್ಲಿಷ್ ನಾಲ್ಕೈದು ಪದಗಳಲ್ಲಿ ಹೇಳುವುದನ್ನು ಕನ್ನಡ 'ಮಾಡಿಕೊಡಬೇಕಾಗಿತ್ತು' ಎಂದು ಒಂದೇ ಪದದಲ್ಲಿ ಹೇಳಿ ಮುಗಿಸುತ್ತದೆ, ಹಾಗಾಗಿ 175 ಎಂಬ ಅಂಕಿಗೆ ಕನ್ನಡದಲ್ಲಿ ಅದೇ ಅರ್ಥ ಉಳಿಯುವುದಿಲ್ಲ. ಕನ್ನಡವನ್ನು ಮೊದಲ ಬಾರಿ ಯಂತ್ರದ ಬಾಯಿಂದ ಕೇಳುವವರು 120ರ ಆಸುಪಾಸಿನಿಂದ ಆರಂಭಿಸಿ ಕ್ರಮೇಣ ಏರಿಸಿಕೊಳ್ಳುವುದು ಒಳ್ಳೆಯದು. ಇನ್ನೊಂದು ತೊಡಕು ಇದಕ್ಕಿಂತ ಆಳವಾದದ್ದು. ಬಳೆಗೂ ಬಾಳೆಗೂ, ಬಳಿಗೂ ಬಳ್ಳಿಗೂ, ಹಳಿಗೂ ಹಳ್ಳಿಗೂ ಇರುವ ಭೇದ ಕಾಲಮಾನದ್ದು. ಹ್ರಸ್ವ ದೀರ್ಘಗಳೂ ಒತ್ತಕ್ಷರಗಳೂ ಎಷ್ಟು ಹೊತ್ತು ನಿಲ್ಲುತ್ತವೆ ಎಂಬುದರ ಮೇಲೆ ಅರ್ಥವೇ ನಿಂತಿದೆ. ವೇಗ ಹೆಚ್ಚಿದಷ್ಟೂ ಈ ಭೇದ ಕುಗ್ಗುತ್ತದೆ, ಹಾಗಾಗಿ ಇಂಗ್ಲಿಷ್ ಕೇಳುವವರಿಗಿಂತ ಕನ್ನಡ ಕೇಳುವವರಿಗೆ ವೇಗದ ಮಿತಿ ಬೇಗ ಎದುರಾಗಬಹುದು. ಹುಲಿ-ಹುಳಿಗಳ ಲಕಾರ ಳಕಾರಗಳ ವ್ಯತ್ಯಾಸವಾದರೋ ಮುಖ್ಯವಾಗಿ ಮೂರನೆಯ ಫಾರ್ಮೆಂಟಿನಲ್ಲಿ ಅಡಗಿದೆ, ನಾಲಿಗೆ ಹಿಂದಕ್ಕೆ ಮಡಿಚಿದಾಗ ಅದು ಕೆಳಕ್ಕೆ ಜಾರುತ್ತದೆ. ಅಗ್ಗದ ಸ್ಪೀಕರಿನಲ್ಲಿ ಆ ಆವೃತ್ತಿಗಳು ಮಂಕಾಗುವುದರಿಂದ ಹಳೆಯ ಗಣಕಕ್ಕೆ ಸಾಧಾರಣವಾದರೂ ಶುದ್ಧವಾಗಿ ಕೇಳಿಸುವ ಒಂದು ಹೆಡ್‌ಫೋನ್ ಕೊಡಿಸುವುದು, ದುಬಾರಿ ತಂತ್ರಾಂಶ ಕೊಡಿಸುವುದಕ್ಕಿಂತ ಹೆಚ್ಚು ಪ್ರಯೋಜನಕಾರಿ.

ಆರ್ಕಾದ ಆದ್ಯತೆಗಳಲ್ಲಿ ದೊಡ್ಡಕ್ಷರಗಳನ್ನು ಎತ್ತರದ ಸ್ಥಾಯಿಯಲ್ಲಿ ಓದಿಸುವ ವ್ಯವಸ್ಥೆಯಿದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳಿಲ್ಲ; ಇಲ್ಲಿ ಬೇಕಾಗುವುದು ಅಕ್ಷರ ಅಕ್ಷರವಾಗಿ ಓದಿಸುವಾಗ ಅಲ್ಪಪ್ರಾಣ ಮಹಾಪ್ರಾಣಗಳು ಸ್ಪಷ್ಟವಾಗಿ ಬೇರ್ಪಡುವ ಏರ್ಪಾಡು, ಏಕೆಂದರೆ ಕಾಗುಣಿತ ಕಲಿಯುವ ಮಗುವಿಗೆ ದಕಾರ ಧಕಾರಗಳು ಒಂದೇ ಬಗೆಯಾಗಿ ಕೇಳಿದರೆ ಬರವಣಿಗೆ ತಪ್ಪುತ್ತದೆ. ಹೊರನಾಡಿನಲ್ಲಿ ರೂಪುಗೊಂಡ ಉಪಕರಣದಲ್ಲಿ ಇಂಥ ಅಗತ್ಯಗಳು ತಾವಾಗಿಯೇ ಸೇರಿಕೊಳ್ಳುವುದಿಲ್ಲ, ಬಳಸುವವರು ಕೇಳಿ ಸೇರಿಸಬೇಕು.

ಸೇರಿಸುವ ಜಾಗವೂ ತೆರೆದೇ ಇದೆ. ಇಸ್ಪೀಕಿನ ಪ್ರತಿ ಭಾಷೆಗೂ ಎರಡು ಮುಖ್ಯ ಕಡತಗಳಿವೆ. ಒಂದರಲ್ಲಿ ಯಾವ ಅಕ್ಷರ ಯಾವ ಸಂದರ್ಭದಲ್ಲಿ ಹೇಗೆ ಉಚ್ಚಾರವಾಗುತ್ತದೆ ಎಂಬ ನಿಯಮಗಳು, ಇನ್ನೊಂದರಲ್ಲಿ ನಿಯಮಕ್ಕೆ ಒಗ್ಗದ ಪದಗಳು, ಅಂಕಿಗಳ ಹೆಸರುಗಳು, ಚಿಹ್ನೆಗಳ ಹೆಸರುಗಳು. ಎರಡನ್ನೂ ಸಾದಾ ಪಠ್ಯ ಸಂಪಾದಕದಲ್ಲಿ ತೆರೆದು, ತಿದ್ದಿ, ಒಂದೇ ಆದೇಶದಿಂದ ಮತ್ತೆ ಸಂಕಲಿಸಿದರೆ ಮರುಕ್ಷಣವೇ ಕಂಠ ಹೊಸ ರೀತಿಯಲ್ಲಿ ಓದುತ್ತದೆ. ಕನ್ನಡದಲ್ಲಿ ಬರಹಕ್ಕೂ ಉಚ್ಚಾರಕ್ಕೂ ನಂಟು ಹತ್ತಿರದ್ದಾದ್ದರಿಂದ ಇಂಗ್ಲಿಷಿಗೆ ಬೇಕಾಗುವಷ್ಟು ಸಾವಿರಾರು ಅಪವಾದಗಳು ಇಲ್ಲಿ ಬೇಡ. ಅನುಸ್ವಾರ ಮುಂದಿನ ವ್ಯಂಜನವನ್ನು ನೋಡಿ ತನ್ನ ರೂಪವನ್ನು ಆರಿಸಿಕೊಳ್ಳುವುದು, ಫಕಾರ ಸಂಸ್ಕೃತ ಪದದಲ್ಲೊಂದು ಇಂಗ್ಲಿಷ್ ಪದದಲ್ಲೊಂದು ಎಂದು ಎರಡು ಬಗೆಯಾಗುವುದು, ಜ್ಞಕಾರವನ್ನು ಜನ ಬೇರೆ ಬೇರೆಯಾಗಿ ನುಡಿಯುವುದು ಮುಂತಾದ ಕೆಲವೇ ಗಂಟುಗಳಿವೆ.

ಹೆಚ್ಚಿನ ಗಂಟುಗಳು ಇರುವುದು ಅಂಕಿ ಮತ್ತು ಹ್ರಸ್ವರೂಪಗಳಲ್ಲಿ. ರೈತನೊಬ್ಬನ ಪಹಣಿಯನ್ನೇ ತೆಗೆದುಕೊಂಡರೆ ಸಾಕು. ಅಲ್ಲಿ ಜಮೀನಿನ ವಿಸ್ತೀರ್ಣವನ್ನು ಎಕರೆ, ಗುಂಟೆಗಳ ನಡುವೆ ಚುಕ್ಕಿಯಿಟ್ಟು ಬರೆದಿರುತ್ತಾರೆ, ನಲವತ್ತು ಗುಂಟೆಗೆ ಒಂದು ಎಕರೆ, 2.10 ಎಂದು ಬರೆದಿದ್ದರೆ ಓದಬಲ್ಲವರು ಎರಡು ಎಕರೆ ಹತ್ತು ಗುಂಟೆ ಎನ್ನುತ್ತಾರೆ, ಯಂತ್ರ ಅದನ್ನು ದಶಮಾಂಶ ಎಂದು ತಿಳಿದು ಓದಿದರೆ ಕೇಳುವವರ ಮನಸ್ಸಿನಲ್ಲಿ ಭೂಮಿಯ ಅಳತೆಯೇ ಬದಲಾಗಿಬಿಡುತ್ತದೆ. ಸರ್ವೆ ನಂಬರು 45/2 ಇದ್ದರೆ ಊರಿನವರ ಬಾಯಲ್ಲಿ ಅದು ನಲವತ್ತೈದು ಬಾರ್ ಎರಡು. ಯಂತ್ರದ ಬಾಯಲ್ಲೂ ಹಾಗೇ ಬರಬೇಕು. 'ಸ.ನಂ.', 'ತಾ.', 'ಜಿ.', 'ರೂ.' ಎಂಬ ಹ್ರಸ್ವರೂಪಗಳ ಚುಕ್ಕಿಯನ್ನು ವಾಕ್ಯದ ಕೊನೆಯೆಂದು ಭಾವಿಸಿ ಯಂತ್ರ ನಡುವೆಯೇ ನಿಂತು ಉಸಿರು ಬಿಡುವುದುಂಟು. ಇಂಥವನ್ನು ಸರಿಪಡಿಸಲು ನಿಘಂಟಿನ ಕಡತವಲ್ಲದೆ ಇನ್ನೆರಡು ದಾರಿಗಳಿವೆ. ಆರ್ಕಾದ ಉಚ್ಚಾರಣೆಯ ಪುಟದಲ್ಲಿ ಮೂಲ ಪದವನ್ನೂ ಅದರ ಬದಲು ಓದಬೇಕಾದ ರೂಪವನ್ನೂ ಜೋಡಿಯಾಗಿ ಬರೆದಿಡಬಹುದು. ಅಥವಾ ಪಠ್ಯವನ್ನು ಸಂಶ್ಲೇಷಕಕ್ಕೆ ಒಪ್ಪಿಸುವ ಮೊದಲೇ ಸಣ್ಣದೊಂದು ಶೋಧಕದ ಮೂಲಕ ಹಾಯಿಸಿ ಚುಕ್ಕಿಯ ಜಾಗದಲ್ಲಿ ಎಕರೆ ಎಂಬ ಪದವನ್ನು ಕೂರಿಸಬಹುದು. ಒಂದು ತಂತ್ರಾಂಶದ ಫಲಿತವನ್ನು ಇನ್ನೊಂದರ ಬಾಯಿಗೆ ನೇರವಾಗಿ ಉಣಿಸುವ ಈ ಪದ್ಧತಿ ಲಿನಕ್ಸಿಗೆ ಸಹಜವಾದದ್ದು.

ಇಸ್ಪೀಕ್ ಒಂದೇ ಕಂಠವಲ್ಲ. ಬೆಂಗಳೂರಿನಲ್ಲಿ ಸಿಂಪ್ಯೂಟರ್ ಎಂಬ ಅಗ್ಗದ ಕೈಗಣಕದ ಕನಸು ಕಂಡವರ ನಡುವೆ, ಭಾರತೀಯ ವಿಜ್ಞಾನ ಸಂಸ್ಥೆಯ ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ಹುಟ್ಟಿದ ಧ್ವನಿ ಎಂಬ ತಂತ್ರಾಂಶ, ಓದು ಬಾರದ ಹಳ್ಳಿಗನಿಗೂ ಗಣಕ ತನ್ನ ಭಾಷೆಯಲ್ಲಿ ಮಾತನಾಡಬೇಕೆಂಬ ಹಂಬಲದಿಂದ ರೂಪುಗೊಂಡಿತು. ಮುಂದೆ ಸಂತೋಷ್ ತೊಟ್ಟಿಂಗಲ್ ಅದನ್ನು ಲಿನಕ್ಸ್ ಮೇಜುಗಣಕಗಳಿಗೆ ತಂದು ಕನ್ನಡ, ಮಲಯಾಳ, ಹಿಂದಿ, ತೆಲುಗು ಮೊದಲಾದ ಭಾಷೆಗಳಿಗೆ ವಿಸ್ತರಿಸಿದರು. ಮುದ್ರಿಸಿದ ದನಿಯ ತುಣುಕುಗಳನ್ನು ಪೋಣಿಸುವುದು ಅದರ ಮಾರ್ಗ. ಕನ್ನಡದ ಗಣಕ ಚರಿತ್ರೆಯಲ್ಲಿ ಸಿಗಬೇಕಾದಷ್ಟು ಗೌರವ ಈ ಪ್ರಯತ್ನಕ್ಕೆ ಸಿಕ್ಕಿಲ್ಲ. ಎಡಿನ್‌ಬರೋ ವಿಶ್ವವಿದ್ಯಾಲಯದ ಫೆಸ್ಟಿವಲ್ ಎಂಬ ಸಂಶ್ಲೇಷಕ ಸಂಶೋಧಕರಿಗೆ ಒಗ್ಗುವಂಥದ್ದು, ಅದನ್ನು ಹೊಂದಿಸಲು ಸ್ಕೀಮ್ ಎಂಬ ಕ್ರಮವಿಧಿ ಭಾಷೆಯ ಪರಿಚಯ ಬೇಕು. ಅದರ ತಮ್ಮನೆನ್ನಬಹುದಾದ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಫ್ಲೈಟ್ ಹಗುರವಾದದ್ದು, ಅದರ ಭಾರತೀಯ ಕಂಠಗಳ ಗುಂಪಿನಲ್ಲಿ ಒಂದು ಕನ್ನಡದ್ದೂ ಇದೆ. ಲೋಹದ ಛಾಯೆಯನ್ನು ಸಹಿಸಲಾರದವರು ಅದನ್ನು ಒಮ್ಮೆ ಕೇಳಿನೋಡಬೇಕು.

ಈಚಿನ ವರ್ಷಗಳಲ್ಲಿ ನರಜಾಲ ಮಾದರಿಗಳು, ಅಂದರೆ ಗಂಟೆಗಟ್ಟಲೆ ಧ್ವನಿಮುದ್ರಣಗಳನ್ನು ಕೇಳಿ ತಾವೇ ಮಾತಿನ ಲಯವನ್ನು ಕಲಿತುಕೊಳ್ಳುವ ಗಣಿತದ ರಚನೆಗಳು, ಈ ಕ್ಷೇತ್ರದ ಚಹರೆಯನ್ನೇ ಬದಲಿಸಿವೆ. ಮದ್ರಾಸ್ ಐಐಟಿಯಲ್ಲಿ ಹೇಮಾ ಮೂರ್ತಿ ಅವರ ನೇತೃತ್ವದ ಸಂಸ್ಥೆಗಳ ಕೂಟ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಧ್ವನಿ ಭಂಡಾರವನ್ನು ಕಟ್ಟಿತು. ಅದೇ ಆವರಣದ ಎಐ4ಭಾರತ್ ತಂಡ ಹದಿಮೂರು ಭಾಷೆಗಳಿಗೆ ಮುಕ್ತ ಮಾದರಿಗಳನ್ನು ಹೊರತಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಕನ್ನಡ ಮತ್ತು ತಮಿಳು ವಾಕ್ ಸಂಶ್ಲೇಷಣೆಯ ಮೇಲೆ ಬಹುಕಾಲ ದುಡಿಯಿತು. ಮೆಟಾ ಕಂಪನಿ 2023ರಲ್ಲಿ ಸಾವಿರದ ನೂರಕ್ಕೂ ಹೆಚ್ಚು ಭಾಷೆಗಳ ಮಾದರಿಗಳನ್ನು ಪ್ರಕಟಿಸಿತು, ಕನ್ನಡವೂ ಅದರಲ್ಲಿದೆ, ವಾಣಿಜ್ಯೇತರ ಬಳಕೆಗೆ ಮಾತ್ರ ಎಂಬ ಷರತ್ತಿನೊಡನೆ. ಇವುಗಳ ಕನ್ನಡ ಕೇಳಲು ಹಿತವಾದದ್ದು. ಕಥೆ, ಕಾದಂಬರಿಗಳನ್ನು ದೀರ್ಘಕಾಲ ಆಲಿಸಲು ಇವೇ ತಕ್ಕವು.

ಆದರೂ ಹೋಬಳಿ ಊರಿನ ಹಳೆಯ ಗಣಕದ ಮುಂದೆ ನಿಂತು ನೋಡಿದಾಗ ತೀರ್ಪು ಬೇರೆಯಾಗುತ್ತದೆ. ಕೀಲಿ ಒತ್ತಿದ ಕೂಡಲೇ ಉತ್ತರಿಸಬೇಕಾದ ತೆರೆವಾಚಕಕ್ಕೆ ಅರ್ಧ ಸೆಕೆಂಡಿನ ತಡವೂ ದುಬಾರಿ, ಭಾರವಾದ ಮಾದರಿಗಳು ಹಳೆಯ ಸಂಸ್ಕಾರಕದ ಮೇಲೆ ಅದಕ್ಕಿಂತ ಹೆಚ್ಚು ತಡವರಿಸುತ್ತವೆ. ಅದಕ್ಕಿಂತ ಮುಖ್ಯವಾದ ಕೊರತೆ ಇನ್ನೊಂದು: ಅವು ತಪ್ಪು ಉಚ್ಚರಿಸಿದಾಗ ಎಲ್ಲಿ ಕೈಹಾಕಬೇಕೆಂದು ತಿಳಿಯುವುದಿಲ್ಲ. ಕಲಿತದ್ದೆಲ್ಲ ಲಕ್ಷಾಂತರ ಅಂಕಿಗಳಲ್ಲಿ ಹರಡಿಹೋಗಿರುವುದರಿಂದ ಒಂದು ಪದದ ಒಂದು ಅಕ್ಷರವನ್ನು ತಿದ್ದಲು ಮಾದರಿಯನ್ನೇ ಮರುತರಬೇತಿಗೊಳಿಸಬೇಕಾದೀತು, ಅದು ಬಿಳಿಚೋಡಿನ ಶಿಕ್ಷಕರಿಂದಾಗಲಿ ವಿದ್ಯಾರ್ಥಿಯಿಂದಾಗಲಿ ಆಗುವ ಕೆಲಸವಲ್ಲ. ಇಸ್ಪೀಕಿನಲ್ಲಾದರೆ ಅದು ಒಂದು ಸಾಲಿನ ಕೆಲಸ. ಗಮನಿಸಬೇಕಾದ ಸಂಗತಿಯೆಂದರೆ ಪೈಪರ್ ಎಂಬ ಹಗುರವಾದ ನರಜಾಲ ಸಂಶ್ಲೇಷಕವೂ ಅಕ್ಷರಗಳನ್ನು ಉಚ್ಚಾರಣೆಯಾಗಿ ಬಿಡಿಸಲು ಇಸ್ಪೀಕ್ ಎನ್‌ಜಿಯನ್ನೇ ಆಶ್ರಯಿಸಿದೆ. ಆದ್ದರಿಂದ ಇಂದು ಇಸ್ಪೀಕಿನ ಕನ್ನಡ ನಿಯಮಗಳನ್ನು ತಿದ್ದುವ ಶ್ರಮ ನಾಳೆ ಅದರ ಮೇಲೆ ಕಟ್ಟುವ ಇಂಪಾದ ಕಂಠಗಳಿಗೂ ಸಲ್ಲುತ್ತದೆ. ಸದ್ಯಕ್ಕೆ ದಿನನಿತ್ಯದ ಕೆಲಸಕ್ಕೆ ಇಸ್ಪೀಕ್, ಬಿಡುವಿನ ಓದಿಗೆ ನರಜಾಲದ ಕಂಠದಲ್ಲಿ ಮೊದಲೇ ಓದಿಸಿ ಉಳಿಸಿಕೊಂಡ ಧ್ವನಿ ಕಡತ, ಇದೇ ವಿವೇಕದ ಹಂಚಿಕೆ.

ಕಂಠ ಎಷ್ಟು ಚೆನ್ನಾಗಿದ್ದರೂ ಅದಕ್ಕೆ ಓದಲು ಬರುವ ಪಠ್ಯ ಸಿಗದಿದ್ದರೆ ಫಲವಿಲ್ಲ. ಕನ್ನಡದ ದೊಡ್ಡ ಸಂಕಟ ಇಲ್ಲಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ದಶಕಗಳ ಕಾಲ ಬೆರಳಚ್ಚಾದ ಕಡತಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಹೊತ್ತಿವೆ. ಫಾಂಟಿನ ವೇಷ ಕಳಚಿದರೆ ಅರ್ಥವಿಲ್ಲದ ಚಿಹ್ನೆಗಳಷ್ಟೇ ಉಳಿಯುತ್ತವೆ, ತೆರೆವಾಚಕ ಓದುವುದು ಆ ಚಿಹ್ನೆಗಳನ್ನು. ಜಗತ್ತಿನ ಬಹುತೇಕ ಎಲ್ಲ ಲಿಪಿಗಳ ಅಕ್ಷರಗಳಿಗೂ ಪ್ರತ್ಯೇಕ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಪದ್ಧತಿಯಲ್ಲಿ ಬರೆದ ಕನ್ನಡವನ್ನು ಮಾತ್ರ ಯಂತ್ರ ಕನ್ನಡವೆಂದು ಗುರುತಿಸಬಲ್ಲದು. ಕಚೇರಿಯ ಆದೇಶ, ಶಾಲೆಯ ಪ್ರಶ್ನೆಪತ್ರಿಕೆ, ಸಹಕಾರ ಸಂಘದ ನೋಟಿಸು ಯಾವುದೇ ಇರಲಿ, ಹಳೆಯ ಫಾಂಟಿನಲ್ಲಿ ಹೊರಡಿಸಿದ ಪ್ರತಿಯೊಂದು ಕಾಗದವೂ ದೃಷ್ಟಿಹೀನರ ಮುಖದ ಮೇಲೆ ಬಾಗಿಲು ಹಾಕಿದಂತೆಯೇ. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಮುದ್ರಿತ ಪುಸ್ತಕ ಅಥವಾ ಸ್ಕ್ಯಾನ್ ಮಾಡಿದ ಪುಟವಾದರೆ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಒತ್ತಕ್ಷರಗಳಲ್ಲಿ ಅದು ತಪ್ಪುವುದುಂಟು, ಸೊನ್ನೆಗೂ ಅನುಸ್ವಾರಕ್ಕೂ ಗೊಂದಲಪಡುವುದುಂಟು, ಆದರೂ ಪುಟವನ್ನು ಮೂಕವಾಗಿ ಬಿಡುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಕಾನೂನೂ ದೃಷ್ಟಿಹೀನರ ಪರವಾಗಿದೆ. 2012ರ ತಿದ್ದುಪಡಿಯಿಂದ ಭಾರತದ ಹಕ್ಕುಸ್ವಾಮ್ಯ ಕಾಯಿದೆ, ದೃಷ್ಟಿಹೀನರಿಗಾಗಿ ಪುಸ್ತಕಗಳನ್ನು ಓದಬಲ್ಲ ರೂಪಕ್ಕೆ ಪರಿವರ್ತಿಸುವುದನ್ನು ಉಲ್ಲಂಘನೆಯೆಂದು ಎಣಿಸುವುದಿಲ್ಲ. ಇದೇ ಆಶಯದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಮಾಹಿತಿ ಎಲ್ಲರಿಗೂ ನಿಲುಕಬೇಕೆಂದು ವಿಧಿಸಿದೆ, ಅದೇ ವರ್ಷ ಸುಗಮ್ಯ ಪುಸ್ತಕಾಲಯ ಎಂಬ ಅಂತರಜಾಲ ಗ್ರಂಥಾಲಯವೂ ಆರಂಭವಾಯಿತು. ಹಕ್ಕು ಇಷ್ಟು ಸ್ಪಷ್ಟವಾಗಿರುವಾಗ ಉಳಿದಿರುವುದು ಕೈಕೆಲಸ ಮಾತ್ರ.

ಆ ಕೈಕೆಲಸದ ಬಹುಭಾಗ ಕನ್ನಡ ಬಲ್ಲ ಸಾಮಾನ್ಯರ ಪಾಲಿನದು. ಇಸ್ಪೀಕಿನ ಅನೇಕ ಭಾಷೆಗಳ ನಿಯಮಗಳನ್ನು ಆ ಭಾಷೆಗಳನ್ನು ಆಡದವರು ಪುಸ್ತಕ ನೋಡಿ ಬರೆದದ್ದು, ಆಡುವವರು ತಿದ್ದಿಕೊಡಬೇಕೆಂದು ಅದನ್ನು ರಚಿಸಿದವರೇ ಕೇಳಿಕೊಂಡಿದ್ದಾರೆ. ಇದಕ್ಕೆ ಕ್ರಮವಿಧಿ ಬರೆಯಲು ಬರಬೇಕಾಗಿಲ್ಲ, ಕಿವಿ ಇರಬೇಕು, ತಾಳ್ಮೆ ಇರಬೇಕು. 'ಬರ್ರಿ', 'ಹೋಗ್ರಿ' ಎಂಬ ದಾವಣಗೆರೆ ಸೀಮೆಯ ಆಡುಮಾತನ್ನು ಮೊಬೈಲಿನಲ್ಲಿ ಬರೆದು ಕಳಿಸುವ ತಲೆಮಾರಿಗೆ ಆ ರೂಪಗಳು ಯಂತ್ರದ ಬಾಯಲ್ಲಿ ಹೇಗೆ ಕೇಳುತ್ತವೆ ಎಂಬುದು ಬೇರೆಯವರಿಗಿಂತ ಚೆನ್ನಾಗಿ ತಿಳಿಯುತ್ತದೆ. ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಗಣಕ ಕೋಣೆಯ ಹೊಣೆ ಹೊತ್ತ ಶಿಕ್ಷಕರು ಒಂದು ಗಣಕದಲ್ಲಾದರೂ ಇಸ್ಪೀಕ್ ಎನ್‌ಜಿ ಮತ್ತು ಆರ್ಕಾವನ್ನು ಕನ್ನಡಕ್ಕೆ ಹೊಂದಿಸಿಟ್ಟು, ತಮ್ಮ ಊರುಗಳ ಹೆಸರುಗಳನ್ನೂ ಪಾಠದ ಪದಗಳನ್ನೂ ಪಹಣಿಯ ಒಂದು ಪುಟವನ್ನೂ ಮಕ್ಕಳ ಮುಂದೆ ಓದಿಸಲಿ. ತಪ್ಪಾಗಿ ಕೇಳಿಸಿದ ಪ್ರತಿಯೊಂದು ಪದವನ್ನೂ ಅದರ ಸರಿಯಾದ ಉಚ್ಚಾರವನ್ನೂ ಒಂದು ಪಟ್ಟಿಯಲ್ಲಿ ಬರೆದು, ಆ ಪಟ್ಟಿಯನ್ನು ತಂತ್ರಾಂಶದ ನಿರ್ವಾಹಕರಿಗೆ ಕಳುಹಿಸಲಿ.